ಆಟಗಾರನ ಬೆಲೆ, ತಂಡದ ಬಲ



ಈ ಕಾರ್ಯಕ್ರಮಕ್ಕಾಗಿ ನಿಮ್ಮಿಂದಲೇ ಪ್ರಶ್ನೆಗಳನ್ನು ಸಂಗ್ರಹಿಸಬೇಕೆಂದು ನಾವು ಕ್ಯಾಮೆರಾ ಹೊತ್ತುಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಮೂರು ದಿನ ತಿರುಗಾಡಿದೆವು. ನಾನು ವಿಜ್ಞಾನ ಓದಿದವನು. ಹೀಗಾಗಿ ಗ್ರಹಣ, ಗುರುತ್ವಾಕರ್ಷಣೆ ಇಂಥ ಪ್ರಶ್ನೆಗಳು ಬರಬಹುದೆಂದು ಸಿದ್ಧನಾಗಿ ಹೋಗಿದ್ದೆ. ಅವೂ ಬಂದವು. ಆದರೆ ಮೂಡಲಗಿಯಲ್ಲಿ ಪಿ.ಯು.ಸಿ. ಓದುವ ಹುಡುಗನೊಬ್ಬ ತನ್ನ ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಬಿಡಿಸಿ ತೋರಿಸಿದ. ಅಲ್ಲಿ ರಸಾಯನಶಾಸ್ತ್ರವಿರಲಿಲ್ಲ. ಒಂದು ಕಡೆ ಕಬಡ್ಡಿ ಆಟಗಾರರ ಹೆಸರು, ಎದುರಿಗೆ ಹರಾಜಿನಲ್ಲಿ ಬಂದ ಬೆಲೆ, ಕೊನೆಗೆ ಕೆಂಪು ಶಾಯಿಯಲ್ಲಿ ಪ್ರತಿ ತಂಡಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. 2023ರ ಪುಟದಲ್ಲಿ ತೆಲುಗು ಟೈಟನ್ಸ್ ತಂಡಕ್ಕೆ ಒಂಬತ್ತು ಅಂಕ ಕೊಟ್ಟಿದ್ದ. ಆಮೇಲೆ ಅದನ್ನು ಹೊಡೆದುಹಾಕಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದ.

"ಸರ್, ಇಷ್ಟ ರೊಕ್ಕಾ ಸುರದ ಮ್ಯಾಲೂ ಆ ಟೀಮ್ ಕಡೀಗೆ ಯಾಕ ಬಂತ್ರಿ?" ಎಂದು ಕೇಳಿದ.

ಇದು ಆಟದ ಪ್ರಶ್ನೆಯಂತೆ ಕಂಡರೂ ನಿಜವಾಗಿ ಲೆಕ್ಕದ ಪ್ರಶ್ನೆ. ಇಂದಿನ ಮಾತು ಅದರ ಕುರಿತೇ. ವೃತ್ತಿಪರ ತಂಡವೊಂದು ಆಟದ ಬಿಡುವಿನ ತಿಂಗಳುಗಳಲ್ಲಿ ಆಟಗಾರರನ್ನು ಕೊಳ್ಳುತ್ತದೆ, ಬಿಡುತ್ತದೆ, ಹಣ ಸುರಿಯುತ್ತದೆ. ಅದು ಸರಿಯೋ ತಪ್ಪೋ ಎಂದು ನಾವು ಹೇಗೆ ಅಳೆಯಬೇಕು? ಆ ಹುಡುಗನ ಕಬಡ್ಡಿಯಿಂದ ಆರಂಭಿಸಿ ಫುಟ್‌ಬಾಲಿಗೆ ಬರುತ್ತೇನೆ.

2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್‌ಗೆ 2.26 ಕೋಟಿ ರೂಪಾಯಿ ಕೊಟ್ಟಿತು. ಅದಕ್ಕೂ ಮೊದಲು ಪವನ್ ನಮ್ಮ ಬೆಂಗಳೂರು ಬುಲ್ಸ್ ತಂಡದಲ್ಲಿದ್ದವರು. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ತಲೈವಾಸ್‌ನ ಮೊದಲ ಪಂದ್ಯ. ಪವನ್ ಮೊಣಕಾಲಿಗೆ ಪೆಟ್ಟಾಯಿತು. ಇಡೀ ಋತುವಿನಲ್ಲಿ ಮತ್ತೆ ಆಡಲಿಲ್ಲ. ತಂಡದ ಗತಿ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ನರೇಂದರ್ ಎಂಬ ಹೊಸ ಹುಡುಗ ರೇಡಿಂಗ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಅಂಕ ತಂದ, ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು.

ಮರುವರ್ಷ, 2023ರ ಹರಾಜಿನಲ್ಲಿ, ಅದೇ ಪವನ್‌ಗೆ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು. ಈ ಸಲ ಅವರು ಚೆನ್ನಾಗಿಯೇ ಆಡಿದರು. ಆದರೆ ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ.

ನೋಡಿ, ಆಟಗಾರ ಅದೇ. ಆತ ಆಡದೆ ಕುಳಿತಾಗ ತಂಡ ಸೆಮಿಫೈನಲ್‌ಗೆ ಹೋಯಿತು, ಚೆನ್ನಾಗಿ ಆಡಿದಾಗ ತಳ ಸೇರಿತು. ಇದರಿಂದ ಪವನ್ ಒಳ್ಳೆಯ ಆಟಗಾರನಲ್ಲ ಎಂದು ತೀರ್ಮಾನಿಸಿದರೆ ಅದು ಶುದ್ಧ ತಪ್ಪು. ಲೆಕ್ಕ ಹಾಕೋಣ. ಆ ವರ್ಷ ಒಂದು ತಂಡ ತನ್ನೆಲ್ಲ ಆಟಗಾರರಿಗಾಗಿ ಖರ್ಚು ಮಾಡಬಹುದಾಗಿದ್ದ ಮೊತ್ತ 5 ಕೋಟಿ. ಒಬ್ಬನಿಗೇ 2.605 ಕೋಟಿ, ಅಂದರೆ ನೂರಕ್ಕೆ 52 ಭಾಗ ಹೋಯಿತು. ಮಿಕ್ಕ ನೂರಕ್ಕೆ 48 ಭಾಗದಲ್ಲಿ ಉಳಿದ ಎಲ್ಲರೂ ಬರಬೇಕು. ಅಂಕಣದಲ್ಲಿ ಇರುವವರು ಏಳು ಮಂದಿ. ಒಬ್ಬ ರೇಡ್ ಮಾಡಿ ತಂದ ಅಂಕವನ್ನು ಉಳಿದ ಆರು ಮಂದಿ ಕಾಯಬೇಕಲ್ಲವೇ? ಮೂಡಲಗಿಯ ಹುಡುಗ ಅಂಕ ಕೊಟ್ಟದ್ದು 2.605 ಕೋಟಿಯ ಆಟಗಾರನಿಗೆ. ಪಂದ್ಯ ಆಡಿದ್ದು ಉಳಿದ 2.395 ಕೋಟಿಯೂ ಸೇರಿದ ತಂಡ.

ಬೆಲೆಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಜಿಲ್ಲೆಗೆ ಹೊಂದಿಕೊಂಡೇ ಇರುವ ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕಿನ ಸಿದ್ಧಾರ್ಥ ದೇಸಾಯಿ ಅವರನ್ನು 2018ರಲ್ಲಿ ಯು ಮುಂಬಾ ತಂಡ 36.4 ಲಕ್ಷಕ್ಕೆ ಕೊಂಡಿತು. ಅವರು ಇನ್ನೂರಕ್ಕೂ ಹೆಚ್ಚು ರೇಡ್ ಅಂಕ ತಂದರು. ಮರುವರ್ಷ ತೆಲುಗು ಟೈಟನ್ಸ್ ಅವರಿಗೆ 1.45 ಕೋಟಿ ಕೊಟ್ಟಿತು. ಆಗಲೂ ತಂದದ್ದು ಇನ್ನೂರು ಚಿಲ್ಲರೆ ಅಂಕವೇ. ಬೆಲೆ ಸುಮಾರು ನಾಲ್ಕು ಪಟ್ಟು, ಫಲ ಹೆಚ್ಚುಕಡಿಮೆ ಅಷ್ಟೇ. ಹರಾಜಿನ ಬೆಲೆ ಎಂಬುದು ಬಹುಮಟ್ಟಿಗೆ ಕಳೆದ ವರ್ಷದ ಆಟಕ್ಕೆ ಈ ವರ್ಷ ತೆರುವ ಹಣ.

ಈಗ ಫುಟ್‌ಬಾಲಿಗೆ ಬರೋಣ. ಇಲ್ಲಿ ನಮ್ಮ ರಾಜ್ಯದ ಪ್ರಮುಖ ಉದಾಹರಣೆ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಈ ತಂಡ ತಾನಾಡಿದ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. 2019ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನೂ ಪಡೆಯಿತು.

ಫುಟ್‌ಬಾಲಿನಲ್ಲಿ ಕಬಡ್ಡಿಯಂತೆ ಹರಾಜಿಲ್ಲ, ಒಪ್ಪಂದವಿದೆ. ಆಟಗಾರನ ಒಪ್ಪಂದದ ಅವಧಿ ಮುಗಿದರೆ ಆತ ಸ್ವತಂತ್ರ. ಹೊಸ ತಂಡ ಅವನಿಗೆ ಸಂಬಳ ಕೊಟ್ಟರೆ ಸಾಕು, ಹಳೆಯ ತಂಡಕ್ಕೆ ಬಿಡಿಗಾಸೂ ಕೊಡಬೇಕಿಲ್ಲ. ಅವಧಿ ಮುಗಿಯದಿದ್ದರೆ ಹಳೆಯ ತಂಡಕ್ಕೆ ವರ್ಗಾವಣೆ ಶುಲ್ಕ ಕೊಡಬೇಕು, ಇಲ್ಲವೇ ಎರವಲು ಪಡೆಯಬೇಕು, ಇಲ್ಲವೇ ಆಟಗಾರರನ್ನೇ ಅದಲುಬದಲು ಮಾಡಿಕೊಳ್ಳಬೇಕು. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವುದು ಶುಲ್ಕ ಮಾತ್ರ. ಸಂಬಳದ ಸುದ್ದಿ ಬರುವುದಿಲ್ಲ. ಉದಾಹರಣೆಗೆ ಒಂದು ಕೋಟಿ ಶುಲ್ಕ ಕೊಟ್ಟು, ವರ್ಷಕ್ಕೆ 50 ಲಕ್ಷ ಸಂಬಳಕ್ಕೆ ನಾಲ್ಕು ವರ್ಷದ ಒಪ್ಪಂದ ಮಾಡಿದರೆ ತಂಡಕ್ಕೆ ಬೀಳುವ ವೆಚ್ಚ ಒಟ್ಟು ಮೂರು ಕೋಟಿ, ವರ್ಷಕ್ಕೆ 75 ಲಕ್ಷ. ಶುಲ್ಕವೇ ಇಲ್ಲದೆ, ವರ್ಷಕ್ಕೆ ಒಂದು ಕೋಟಿ ಸಂಬಳಕ್ಕೆ ಬಂದವನು 'ಪುಕ್ಕಟೆ' ಆಟಗಾರ ಎನ್ನಿಸಿಕೊಳ್ಳುತ್ತಾನೆ. ಯಾವುದು ಅಗ್ಗ, ನೀವೇ ಹೇಳಿ.

ಈ ಬಿಡುವಿನ ಕಾಲದ ಮಹತ್ವ ನಿಮ್ಮ ಭಾಗದವರಿಗೆ ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ಸಂಕೇಶ್ವರದ ಕಡೆ ಸಕ್ಕರೆ ಕಾರ್ಖಾನೆಯನ್ನು ಕಂಡವರಿಗೆ ಗೊತ್ತು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಕಾರ್ಖಾನೆ ಮಲಗುವುದಿಲ್ಲ. ರೋಲರ್ ಬಿಚ್ಚುತ್ತಾರೆ, ಬಾಯ್ಲರ್ ಕೊಳವೆಗಳನ್ನು ಪರೀಕ್ಷಿಸುತ್ತಾರೆ, ಸವೆದದ್ದನ್ನು ಬದಲಿಸುತ್ತಾರೆ. ಅಲ್ಲಿನ ಎಂಜಿನಿಯರ್ ಮೊದಲು ಕೇಳುವುದು 'ಯಾವುದು ಸವೆದಿದೆ?' ಎಂದು. 'ಮಾರುಕಟ್ಟೆಯಲ್ಲಿ ಅತಿ ದುಬಾರಿ ಯಂತ್ರ ಯಾವುದು?' ಎಂದಲ್ಲ. ಫುಟ್‌ಬಾಲ್ ತಂಡಗಳು, ಅದಕ್ಕಿಂತ ಹೆಚ್ಚಾಗಿ ನಮ್ಮಂಥ ಅಭಿಮಾನಿಗಳು, ಈ ಮೊದಲ ಪ್ರಶ್ನೆಯನ್ನು ಮರೆಯುತ್ತೇವೆ.

ನಾನೇ ಮರೆತಿದ್ದೆ. 2023ರ ಬೇಸಿಗೆಯ ಕತೆ ಕೇಳಿ.

ಅದರ ಹಿಂದಿನ ವರ್ಷ, 2022ರಲ್ಲಿ, ಬೆಂಗಳೂರು ಎಫ್‌ಸಿ ಫಿಜಿ ದೇಶದ ರಾಯ್ ಕೃಷ್ಣ, ಸ್ಪೇನಿನ ಹಾವಿ ಹೆರ್ನಾಂಡಿಸ್, ರಕ್ಷಣಾ ಆಟಗಾರರಾದ ಸಂದೇಶ್ ಜಿಂಗನ್ ಮತ್ತು ಪ್ರಬೀರ್ ದಾಸ್ ಅವರನ್ನು ಕರೆತಂದಿತು. ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಲೀಗ್‌ನಲ್ಲಿ ಮೊದಮೊದಲು ಸೋಲಿನ ಮೇಲೆ ಸೋಲು. ಡಿಸೆಂಬರ್ ಹೊತ್ತಿಗೆ ಅಂಕ ಕೊಟ್ಟಿದ್ದರೆ ನಾನು ಹತ್ತಕ್ಕೆ ಮೂರು ಕೊಡುತ್ತಿದ್ದೆ. ಆಮೇಲೆ ತಂಡ ಸತತವಾಗಿ ಎಂಟು ಪಂದ್ಯ ಗೆದ್ದು, 2023ರ ಮಾರ್ಚ್‌ನಲ್ಲಿ ಫೈನಲ್ ತಲುಪಿ, ಪೆನಾಲ್ಟಿಯಲ್ಲಿ ಸೋತಿತು. ಹೊಸಬರು ಒಬ್ಬರಿಗೊಬ್ಬರು ಹೊಂದಿಕೊಳ್ಳಲು ಅಷ್ಟು ಕಾಲ ಬೇಕಾಯಿತು. ಇನ್ನೊಂದು ವಿಚಿತ್ರವೆಂದರೆ ಆ ತಿರುವಿನಲ್ಲಿ ಮಿಂಚಿದವರಲ್ಲಿ ಒಬ್ಬ ಶಿವಶಕ್ತಿ ನಾರಾಯಣನ್, ತಮಿಳುನಾಡಿನ ಹುಡುಗ, ಬೆಂಗಳೂರಿನದೇ ಎರಡನೆಯ ತಂಡದಲ್ಲಿ ಆಡಿ ಮೇಲೆ ಬಂದವನು. ಆತ ಆ ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ. ಬೇಸಿಗೆಯ ಖರೀದಿ ಪಟ್ಟಿಯಲ್ಲಿ ಅವನ ಹೆಸರು ಇರಲೇ ಇಲ್ಲ.

2023ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕರ್ಟಿಸ್ ಮೇನ್, ಆಸ್ಟ್ರೇಲಿಯದಿಂದ ರಯಾನ್ ವಿಲಿಯಮ್ಸ್, ರಕ್ಷಣೆಗೆ ಸ್ಲಾವ್ಕೊ ದಮ್ಯಾನೊವಿಚ್ ಮತ್ತು ಜೆಸೆಲ್ ಕಾರ್ನೇರೊ ಬಂದರು. ಪಟ್ಟಿ ನೋಡಿ ಖುಷಿಪಟ್ಟೆ. 'ಈ ಸಲ ಮೊದಲ ಆರರಲ್ಲಿ ಖಂಡಿತ' ಎಂದು ನನ್ನ ದಿನಚರಿಯಲ್ಲಿ ಬರೆದಿಟ್ಟೆ. ತಂಡ ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿಯಿತು. ಡಿಸೆಂಬರ್‌ನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಹೋದರು.

ದಿನಚರಿ ತೆಗೆದು ನೋಡಿದಾಗ ನನ್ನ ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಬಂದವರ ಹೆಸರು ಒಂದು ಪುಟ ತುಂಬ ಬರೆದಿದ್ದೆ. ಹೋದವರ ಹೆಸರನ್ನು ಬರೆದೇ ಇರಲಿಲ್ಲ! ಜಿಂಗನ್ ಗೋವಾಕ್ಕೆ ಹೋಗಿದ್ದರು. ಪ್ರಬೀರ್ ದಾಸ್ ಕೇರಳಕ್ಕೆ ಹೋಗಿದ್ದರು. ರಾಯ್ ಕೃಷ್ಣ ಒಡಿಶಾಕ್ಕೆ ಹೋಗಿ ಆ ಋತುವಿನಲ್ಲಿ 13 ಗೋಲು ಹೊಡೆದರು. ನೀರಿನ ತೊಟ್ಟಿಗೆ ಎಷ್ಟು ನೀರು ಬಂತೆಂದು ಅಳೆದು, ತಳದ ನಲ್ಲಿ ತೆರೆದಿದೆ ಎಂಬುದನ್ನು ನೋಡದೆ ಉತ್ತರ ಬರೆದ ಹಾಗಾಯಿತು. ಹೈಸ್ಕೂಲಿನಲ್ಲಿ ಆ ಲೆಕ್ಕವನ್ನು ಎಷ್ಟು ಸಲ ಬಿಡಿಸಿಲ್ಲ ನಾವು!

2024ರಲ್ಲಿ ತಂಡ ಬೇರೆ ದಾರಿ ಹಿಡಿಯಿತು. ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗೇರ, ಹೋರ್ಹೆ ಪೆರೇರ ದಿಯಾಸ್ ಮತ್ತು ರಾಹುಲ್ ಭೇಕೆ ಮೂವರೂ ಬಂದರು. ಇವರು ಬೇರೆ ಬೇರೆ ಕಡೆಯಿಂದ ಬಂದ ಮೂವರಲ್ಲ, ಒಟ್ಟಿಗೆ ಆಡಿ ಪಳಗಿದ್ದ ಮೂವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ಹಿರಿಯರು ಹಲ್ಲು, ಗೊರಸು, ಹಿಣಿಲು ನೋಡಿದ ಮೇಲೆ ಜೋಡಿಯನ್ನು ನಾಲ್ಕು ಹೆಜ್ಜೆ ಒಟ್ಟಿಗೆ ನಡೆಸಿ ನೋಡುವುದು ಇದಕ್ಕೇ. ಭೇಕೆಯವರಂತೂ ಮನೆಗೆ ಮರಳಿದವರು. 2019ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಗೋವಾ ವಿರುದ್ಧ ತಲೆಯಿಂದ ಹೊಡೆದ ಏಕೈಕ ಗೋಲು ಈ ರಕ್ಷಣಾ ಆಟಗಾರನದು. 2017ರಲ್ಲಿ ಅವರು ಮೊದಲ ಬಾರಿ ತಂಡಕ್ಕೆ ಸೇರಿದಾಗ ಎಲ್ಲರ ಕಣ್ಣೂ ವೆನಿಜುವೆಲಾದ ಮಿಕು ಮೇಲಿತ್ತು. ಮಿಕು ನಿರಾಸೆ ಮಾಡಲಿಲ್ಲ, ಮೊದಲ ವರ್ಷವೇ 15 ಗೋಲು ಹೊಡೆದರು. ಆದರೂ ಕಪ್ ತಂದುಕೊಟ್ಟ ಗೋಲು ಯಾರೂ ಹೆಚ್ಚು ಮಾತಾಡದ ಖರೀದಿಯಿಂದ ಬಂತು.

2025ರ ಏಪ್ರಿಲ್ 12ರಂದು ಬೆಂಗಳೂರು ಮತ್ತೆ ಫೈನಲ್ ಆಡಿತು. ಕೋಲ್ಕತ್ತದಲ್ಲಿ ಮೋಹನ್ ಬಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಆ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದವರು ಯಾರು ಗೊತ್ತೆ? ನಲವತ್ತು ತುಂಬಿದ್ದ ಸುನಿಲ್ ಛೆಟ್ರಿ. 2013ರಲ್ಲಿ ಬಂದವರು. ಯಾರನ್ನು ಉಳಿಸಿಕೊಂಡರು ಎಂಬುದೂ ಬೇಸಿಗೆಯ ವ್ಯವಹಾರವೇ, ಅದಕ್ಕೆ ಅಂಕ ಕೊಡುವವರು ಕಡಿಮೆ.

ದೊಡ್ಡ ಹಣದ ದೊಡ್ಡ ಉದಾಹರಣೆ ಬೇಕಾದರೆ ಪ್ಯಾರಿಸ್‌ಗೆ ಹೋಗಿ. 2017ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡ ನೇಮಾರ್‌ಗಾಗಿ 222 ಮಿಲಿಯನ್ ಯೂರೋ ಕೊಟ್ಟಿತು. ಎಂಬಾಪೆ ಬಂದರು, ಮುಂದೆ ಮೆಸ್ಸಿಯೂ ಬಂದರು. ಯುರೋಪಿನ ಚಾಂಪಿಯನ್ಸ್ ಲೀಗ್ ಮಾತ್ರ ಬರಲಿಲ್ಲ. ಅದು ಕೊನೆಗೆ ಬಂದದ್ದು 2025ರಲ್ಲಿ, ಮೂವರೂ ತಂಡ ಬಿಟ್ಟು ಹೋದ ಮೇಲೆ. ಹಾಗೆಂದು ಆ ತಂಡ ಬಡತನದಿಂದ ಗೆದ್ದಿತೆಂದು ಭಾವಿಸಬೇಡಿ. ಆಗಲೂ ಅದು ಧಾರಾಳವಾಗಿಯೇ ಖರ್ಚು ಮಾಡುತ್ತಿತ್ತು. ಹಣವಿಲ್ಲದೆ ತಂಡ ಕಟ್ಟಲಾಗದು. ಹಣ ಯಾವ ಕೊರತೆಯನ್ನು ತುಂಬಿತು ಎಂಬುದನ್ನು ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಫಲ ಕೆಟ್ಟರೆ ನಿರ್ಧಾರವೂ ಕೆಟ್ಟದ್ದೆಂದು ಹೇಳಬಾರದು. ಮೊದಲ ಪಂದ್ಯದಲ್ಲಿಯೇ ಪವನ್ ಮೊಣಕಾಲಿಗೆ ಪೆಟ್ಟಾಗುತ್ತದೆಂದು 2022ರ ಹರಾಜಿನ ದಿನ ಯಾರಿಗೂ ತಿಳಿದಿರಲು ಸಾಧ್ಯವಿಲ್ಲ. ಮಳೆ ಬಾರದಿದ್ದರೆ ಬಿತ್ತಿದವನನ್ನು ದಡ್ಡ ಎನ್ನುತ್ತೇವೆಯೇ? ನಿರ್ಧಾರಕ್ಕೆ ಒಂದು ಅಂಕ, ಅದನ್ನು ಆ ದಿನ ತಿಳಿದಿದ್ದ ಸಂಗತಿಗಳ ಮೇಲೆ ಕೊಡಬೇಕು. ಫಲಕ್ಕೆ ಬೇರೆ ಅಂಕ, ಅದು ಋತು ಮುಗಿದ ಮೇಲೆ. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡುವುದರಿಂದಲೇ ನಮ್ಮ ಚರ್ಚೆಗಳು ಜಗಳವಾಗುತ್ತವೆ.

ಇನ್ನೊಂದು ಸಂಗತಿಯನ್ನು ಹರಾಜಿನ ಬೆಲೆಗೆ ಕಣ್ಣರಳಿಸುವ ನನ್ನ ಕಿರಿಯ ಮಿತ್ರರಿಗೆ ಹೇಳಲೇಬೇಕು. 2025ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ವಾಣಿಜ್ಯ ಒಪ್ಪಂದದ ಬಿಕ್ಕಟ್ಟಿನಿಂದಾಗಿ ಮುಂದಿನ ಋತು ನಡೆಯುವುದೇ ಅನಿಶ್ಚಿತವಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದೆಯಷ್ಟೇ ಫೈನಲ್ ಆಡಿದ್ದ ತಂಡ ಅದು. ಒಪ್ಪಂದದ ಕಾಗದದಲ್ಲಿ ಬರೆದ ಮೊತ್ತ ಬೇರೆ, ತಿಂಗಳ ಕೊನೆಗೆ ಕೈಗೆ ಬರುವ ಮೊತ್ತ ಬೇರೆ. ಯಾವ ತಂಡದ ಖರ್ಚನ್ನು ಅಳೆಯುವಾಗಲೂ ಈ ಹಣ ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂದು ಕೇಳಿ. ಆಟಗಾರನಾಗಬೇಕೆಂದು ಕನಸು ಕಾಣುವವರು ಇನ್ನೂ ಗಟ್ಟಿಯಾಗಿ ಕೇಳಿ, ಓದನ್ನು ಅರ್ಧಕ್ಕೆ ಬಿಡುವ ಮೊದಲೇ ಕೇಳಿ.

ಮೂಡಲಗಿಯ ಹುಡುಗನಿಗೆ ಇಷ್ಟೆಲ್ಲವನ್ನೂ ನಾನು ಹೇಳಲಿಲ್ಲ. ಬೆಳಕು ಹೋಗುತ್ತಿತ್ತು, ಕ್ಯಾಮೆರಾದವರು ಅವಸರ ಮಾಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ 'ಬೆಲೆ' ಎಂಬ ಸಾಲಿನ ಪಕ್ಕ ಇನ್ನೂ ಮೂರು ಸಾಲು ಎಳೆದುಕೋ ಎಂದೆ: ಹೋದವರು ಯಾರು, ಕೊರತೆ ಎಲ್ಲಿತ್ತು, ಎಷ್ಟು ಪಂದ್ಯ ಆಡಿದರು. ಋತು ಆರಂಭವಾಗುವ ಮೊದಲೇ ಅಂಕ ಬರೆದು ತಾರೀಖು ಹಾಕು, ಆಮೇಲೆ ತಿದ್ದಬೇಡ ಎಂದೆ. ಆತ ಅಲ್ಲೇ ಗೋಡೆಗೆ ಸ್ಕೇಲ್ ಆನಿಸಿ ಗೆರೆ ಎಳೆದ. ಮೊದಲು ಬರೆದದ್ದು ಟೈಟನ್ಸ್ ಹೆಸರನ್ನಲ್ಲ, ತನ್ನ ಕಾಲೇಜು ತಂಡದ ಹೆಸರನ್ನು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ನಿಂತ.

"ಸರ್, ನಮ್ಮ ಎಡಗಡೆ ಕಾರ್ನರ್ ಆಡಾವ ಡಿಗ್ರೀಗೆ ಧಾರವಾಡಕ್ಕ ಹೋದಾನ್ರಿ," ಎಂದ. "ನಾವು ಈ ತಿಂಗಳೆಲ್ಲಾ ಹೊಸಾ ರೇಡರ್‌ನ ಹುಡುಕಾಕತ್ತೇವ್ರಿ."