ಕಿವಿ ಕೇಳಿದ್ದನ್ನಲ್ಲವೇ ಕೈ ಬರೆಯುವುದು?
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಚಿಕ್ಕ ಮಕ್ಕಳಿಗೆ ಮನೆಯಲ್ಲಿ ಓದು ಬರಹ ರೂಢಿಸುವುದು ಹೇಗೆಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ.

ನಾನು ಅಧ್ಯಾಪಿಕೆಯಾಗಿ ಸೇರಿದ ಹೊಸತು. ಎರಡನೇ ತರಗತಿಯ ಹುಡುಗನೊಬ್ಬ 'ನನ್ನ ಅಜ್ಜಿ ಮನೆ ಹಲ್ಲಿಯಲ್ಲಿದೆ' ಎಂದು ಬರೆದಿದ್ದ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. 'ಹಳ್ಳಿ' ಎಂದು 20 ಸಲ ಬರೆದು ತಾ ಎಂದೆ. ಬರೆದು ತಂದ, 20 ಸಲವೂ ಸರಿಯಾಗಿತ್ತು. ಮರುವಾರ ನೋಡಿದರೆ 'ಮಳೆ' ಇರಬೇಕಾದಲ್ಲಿ 'ಮಲೆ'. ಆಮೇಲೆ ಅವನು ಸ್ವಂತ ವಾಕ್ಯ ಬರೆಯುವುದನ್ನೇ ಬಿಟ್ಟ. ಕರಿಹಲಗೆ ನೋಡಿ ನಕಲು ಮಾಡುವುದಷ್ಟೇ ಉಳಿಯಿತು.

ಅವನ ಮನೆಮಾತು ಬ್ಯಾರಿ. ನನ್ನದೂ ಬ್ಯಾರಿಯೇ. ನಮ್ಮ ಬ್ಯಾರಿಯಲ್ಲಿ ಲ-ಳ ಎಂಬ ಭೇದವಿಲ್ಲ, ನ-ಣ ಎಂಬ ಭೇದವೂ ಇಲ್ಲ. ಉರ್ದು ಮಾತನಾಡುವ ಮನೆಗಳ ಮಕ್ಕಳಿಗೂ ಈ ಳ ಮತ್ತು ಣ ಹೊಸತೇ. ಆರು ವರ್ಷ ಕಿವಿ ಕೇಳದೇ ಇದ್ದ ವ್ಯತ್ಯಾಸವನ್ನು ಕೈ ಹೇಗೆ ಬರೆದೀತು? ಅದು ಅಲಕ್ಷ್ಯದ ತಪ್ಪಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯುವ ಹೊತ್ತಿಗೆ ಆ ಹುಡುಗ ಬೇರೆ ಶಾಲೆಗೆ ಹೋಗಿಯಾಗಿತ್ತು.

ಆದುದರಿಂದ ನಿಮ್ಮಲ್ಲಿ ನನ್ನ ಮೊದಲ ವಿನಂತಿ: ಪೆನ್ಸಿಲ್ ಕೊಡುವ ಮೊದಲು ಕಿವಿಗೆ ಕೆಲಸ ಕೊಡಿ. ಹುಲಿ-ಹುಳಿ, ಬೆಲೆ-ಬೆಳೆ, ಹಲ್ಲಿ-ಹಳ್ಳಿ, ಆನೆ-ಆಣೆ. ಇಂಥ ಜೋಡಿಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಮಗು ನಿಮ್ಮ ಬಾಯಿ ನೋಡದಂತೆ ಬೆನ್ನು ಹಾಕಿ ನಿಲ್ಲಲಿ. ನೀವು 'ಹುಲಿ' ಎಂದರೆ ಅದು ಗರ್ಜಿಸಬೇಕು, 'ಹುಳಿ' ಎಂದರೆ ಮುಖ ಹಿಂಡಬೇಕು. ಅಡಿಗೆ ಮಾಡುತ್ತಲೇ ಆಡಬಹುದಾದ ಆಟ ಇದು. ನಂತರ ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿ: ಲ ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂಭಾಗಕ್ಕೆ ತಾಗುತ್ತದೆ, ಳ ಎನ್ನುವಾಗ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ಕಿವಿ ಮತ್ತು ನಾಲಗೆ ಎರಡಕ್ಕೂ ಗೊತ್ತಾದ ಮೇಲೆ ಬರೆಸಿ. 20 ಸಲ ಬೇಕಾಗುವುದಿಲ್ಲ.

'ಟೀಚರ್, ನನಗೇ ಳ ಬರುವುದಿಲ್ಲವಲ್ಲ' ಎಂದು ಒಮ್ಮೆ ಒಬ್ಬ ತಾಯಿ ನನ್ನಲ್ಲಿ ಹೇಳಿದರು. ಸತ್ಯದ ಮಾತು. ಅಂಥ ಮನೆಯಲ್ಲಿ ಇದು ಅಕ್ಕನ ಕೆಲಸ, ಅಣ್ಣನ ಕೆಲಸ. ಇಲ್ಲಿ ಕುಳಿತಿರುವ ಪಿಯುಸಿ, ಪದವಿ ವಿದ್ಯಾರ್ಥಿಗಳೇ, ದಿನಕ್ಕೆ ಹತ್ತು ನಿಮಿಷ ನಿಮ್ಮಿಂದ ಬೇಕು.

ಇನ್ನು ಇಂಗ್ಲಿಷ್. ಶಾಲೆಯಲ್ಲಿ 'ಫೋನಿಕ್ಸ್' ಎಂಬ ಮಾತು ಕೇಳಿದೊಡನೆ ಉಮ್ಮಂದಿರು ಹಿಂದೆ ಸರಿಯುತ್ತಾರೆ. ನಾನು ಹೇಳುತ್ತೇನೆ, ಫೋನಿಕ್ಸ್ ನಿಮಗೆ ಗೊತ್ತಿದೆ. ಮದ್ರಸದಲ್ಲಿ ಕಾಯಿದಾ ಓದಿದವರಲ್ಲವೇ ನೀವು? ಉರ್ದು ಮನೆಯವರು 'ಬೇ ಜ಼ಬರ್ ಬ, ಬೇ ಜ಼ೇರ್ ಬಿ, ಬೇ ಪೇಶ್ ಬು' ಎಂದು ರಾಗವಾಗಿ ಹೇಳಿ ಕಲಿತಿದ್ದೀರಿ. ಉರ್ದುವಿನಲ್ಲಿ ಅದಕ್ಕೆ ಹಿಜ್ಜೆ ಎನ್ನುತ್ತಾರೆ. ಅಕ್ಷರದ ಹೆಸರು ಬೇರೆ, ಅದರ ಧ್ವನಿ ಬೇರೆ, ಧ್ವನಿಗಳನ್ನು ಕೂಡಿಸಿದರೆ ಪದ. ಫೋನಿಕ್ಸ್ ಎಂದರೆ ಇದಕ್ಕಿಂತ ದೊಡ್ಡ ರಹಸ್ಯವೇನೂ ಇಲ್ಲ. ಇಂಗ್ಲಿಷ್‌ನಲ್ಲಿ 'ಸಿ', 'ಎ', 'ಟಿ' ಎಂಬುದು ಹೆಸರು. ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ 'ಕ್ಯಾಟ್' ಆಗುವುದಿಲ್ಲ. ಕ್, ಆ್ಯ, ಟ್ ಎಂಬ ಧ್ವನಿಗಳನ್ನು ಕೂಡಿಸಿದರೆ ಆಗುತ್ತದೆ.

ಇಲ್ಲಿ ನಮ್ಮ ಮಕ್ಕಳು ಎಡವುವ ಒಂದು ಜಾಗವಿದೆ. ಕನ್ನಡದ 'ಬ' ಅಕ್ಷರದೊಳಗೆ 'ಅ' ಸ್ವರ ಕುಳಿತಿರುತ್ತದೆ. ಆ ಅಭ್ಯಾಸದಲ್ಲಿ ಮಗು 'ಬ-ಆ್ಯ-ಟ' ಎಂದು ಕೂಡಿಸಿ 'ಬ್ಯಾಟ' ಎನ್ನುತ್ತದೆ. ಆದ್ದರಿಂದ ಧ್ವನಿಯನ್ನು ಅರ್ಧಾಕ್ಷರವಾಗಿ, ಚಿಕ್ಕದಾಗಿ ಹೇಳಿಕೊಡಿ: ಬ್, ಟ್, ಪ್. ಮ್, ಸ್, ನ್ ಇವುಗಳನ್ನು ಎಳೆದು ಹೇಳಬಹುದಾದ್ದರಿಂದ ಮಕ್ಕಳಿಗೆ ಕೂಡಿಸುವುದು ಸುಲಭ.

ಎ ಯಿಂದ ಝಡ್‌ವರೆಗೆ ಕ್ರಮವಾಗಿ ಹೋಗಬೇಕೆಂದಿಲ್ಲ. 1992ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದು ನಮ್ಮ ಎಷ್ಟೋ ಶಾಲೆಗಳಿಗೂ ಬಂದಿರುವ 'ಜಾಲಿ ಫೋನಿಕ್ಸ್' ಪದ್ಧತಿಯಲ್ಲಿ ಮೊದಲು ಕಲಿಸುವುದು ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು ಅಕ್ಷರಗಳನ್ನು. ಆರರಲ್ಲೇ ಪಿನ್, ಟಿನ್, ಟಿಪ್, ಸಿಪ್, ಟ್ಯಾಪ್, ಪ್ಯಾನ್, ಇಷ್ಟೆಲ್ಲ ಪದಗಳು ಸಿಗುತ್ತವೆ. ಮೊದಲ ವಾರದಲ್ಲೇ 'ನಾನು ಓದಿದೆ' ಎಂಬ ಸಂತೋಷ ಮಗುವಿಗೆ. ಹಳೆಯ ಮದುವೆ ಕಾಗದಗಳ ರಟ್ಟು ಕತ್ತರಿಸಿ ಅಕ್ಷರ ಬರೆದರೆ ಸಾಕು. ಅಂಗಡಿಯ ದುಬಾರಿ ಸೆಟ್ ಬೇಡ. (ನಮ್ಮ ಮನೆಗಳಲ್ಲಿ ಮದುವೆ ಕಾಗದಗಳಿಗೇನು ಬರವೇ?) ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಕನ್ನಡದ ಅಕ್ಷರಮಾಲೆಯಲ್ಲಿಲ್ಲದ ಫ಼ ಮತ್ತು ಜ಼ ಧ್ವನಿಗಳು ಮದ್ರಸದ ಮಕ್ಕಳ ನಾಲಗೆಗೆ ಆಗಲೇ ಪರಿಚಯವಾಗಿವೆ.

ಆದರೆ ಇಂಗ್ಲಿಷ್ ಪೂರ್ತಿ ನಂಬಿಕೆಗೆ ಯೋಗ್ಯವಾದ ಭಾಷೆಯಲ್ಲ. 26 ಅಕ್ಷರಗಳಿಂದ ಸುಮಾರು 44 ಧ್ವನಿಗಳನ್ನು ಬರೆಯಬೇಕು. 'ಎಸ್' ಮತ್ತು 'ಎಚ್' ಸೇರಿದರೆ ಶ್, ಹೀಗೆ ಜೋಡಿಗಳನ್ನು ಬೇರೆಯಾಗಿ ಕಲಿಯಬೇಕು. 'ಸೆಡ್', 'ವಾಸ್', 'ವನ್' ಮುಂತಾದ ಪದಗಳಿಗೆ ಧ್ವನಿ ಪೂರ್ತಿ ದಾರಿ ತೋರಿಸುವುದಿಲ್ಲ. ಅವನ್ನು ಕಣ್ಣಿನಿಂದಲೇ ಗುರುತಿಡಬೇಕು. ವಾರಕ್ಕೆ ಮೂರೋ ನಾಲ್ಕೋ ಸಾಕು.

ಎಲ್‌ಕೆಜಿ ಮಗು ನೆಂಟರೆದುರು 'ಎಲಿಫೆಂಟ್' ಸ್ಪೆಲ್ಲಿಂಗ್ ಒಪ್ಪಿಸಿದರೆ ನಮಗೆ ಬಹಳ ಹೆಮ್ಮೆ. ಅದೇ ಮಗುವಿನ ಮುಂದೆ 'ಪೆನ್' ಎಂದು ಬರೆದಿಟ್ಟು ಓದಿಸಿ ನೋಡಿ. ಗಲ್ಫಿನಲ್ಲಿರುವ ತಂದೆಯಂದಿರಿಗೂ ಒಂದು ಮಾತು: ಫೋನಿನಲ್ಲಿ 'ಎಷ್ಟು ಮಾರ್ಕು?' ಎಂದು ಕೇಳುವ ಬದಲು 'ಇವತ್ತು ನನಗೊಂದು ಸಾಲು ಓದಿ ಹೇಳು' ಎನ್ನಿ. ತಪ್ಪಿದರೆ ಅಲ್ಲೇ ತಡೆಯಬೇಡಿ, ಸಾಲು ಮುಗಿಯಲಿ.

ಕೆಲವು ತಿಂಗಳ ನಂತರವೂ ಹತ್ತಿರದ ಧ್ವನಿಗಳು ಮಗುವಿಗೆ ಬೇರೆಯಾಗಿ ಕೇಳಿಸುತ್ತಿಲ್ಲವೆಂದಾದರೆ ಗದರಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ನೆಗಡಿ, ಕಿವಿ ಸೋರುವಿಕೆ ಇರುವ ಮಕ್ಕಳಿಗೆ ಕೇಳುವುದು ಕಡಿಮೆಯಾಗಿರುವುದುಂಟು. ಮನೆಯವರಿಗೆ ಅದು ತಿಳಿಯುವುದೇ ಇಲ್ಲ.

ಕೊನೆಗೆ ಉಕ್ತಲೇಖನ. ದಿನಕ್ಕೆ ಐದೇ ಪದ ಕೊಡಿ, ತಪ್ಪಾದದ್ದನ್ನು ಕೆಂಪು ಶಾಯಿಯಲ್ಲಿ ಹೊಡೆಯಬೇಡಿ. 'ಇನ್ನೊಮ್ಮೆ ಹೇಳುತ್ತೇನೆ, ಕೇಳು' ಎನ್ನಿ. ಐದಾದ ಮೇಲೆ ಪೆನ್ಸಿಲ್ ನೀವು ತೆಗೆದುಕೊಳ್ಳಿ. ಮಗು ಹೇಳಲಿ, ನೀವು ಬರೆಯಿರಿ. ಒಂದು ಪದವನ್ನು ಬೇಕೆಂದೇ ತಪ್ಪು ಬರೆಯಿರಿ. 'ಉಮ್ಮ, ಅದು ಹಲ್ಲಿ ಅಲ್ಲ, ಹಳ್ಳಿ!' ಎಂದು ಅದು ಕೂಗಿದ ದಿನ ಆ ಪದವನ್ನು ಪಟ್ಟಿಯಿಂದ ತೆಗೆದುಹಾಕಬಹುದು.