ಕೊನೆಯವರ ಹೆಜ್ಜೆಯೇ ತಂಡದ ಹೆಜ್ಜೆ

ಬೆಳಗಿನ ಜಾವ ಮೂರು ಗಂಟೆ. ಹಿಮಾಚಲ ಪ್ರದೇಶದ ಸರ್ ಪಾಸ್ ಹಾದಿಯಲ್ಲಿ ನಗಾರು ಎಂಬ ಶಿಬಿರ. ಟೆಂಟಿನ ಬಟ್ಟೆ ಹೆಪ್ಪುಗಟ್ಟಿ ತಗಡಿನಂತಾಗಿದೆ. ಬೂಟಿನ ದಾರ ಕಟ್ಟಲು ಹೋದರೆ ಬೆರಳು ಮಡಚುತ್ತಿಲ್ಲ. ಪಕ್ಕದಲ್ಲಿ ಮಲಗಿದ್ದವರು ಮಾತಿಲ್ಲದೆ ಬಗ್ಗಿ, ನಿಮ್ಮ ಬೂಟಿನ ದಾರ ಬಿಗಿದು, ಎರಡು ಗಂಟು ಹಾಕಿ ಎದ್ದು ನಿಲ್ಲುತ್ತಾರೆ. ವಾರದ ಹಿಂದೆ ಅವರ ಹೆಸರೂ ನಿಮಗೆ ಗೊತ್ತಿರಲಿಲ್ಲ.

ಗೆಳೆಯರೇ, ಗೆಳತಿಯರೇ, ಈ ದೇಶದ ಯುವಜನರಿಗೆ ಹಿಮಾಲಯ ಕಲಿಸುವ ಮೊದಲ ಪಾಠ ಆ ಎರಡು ಗಂಟಿನಲ್ಲಿದೆ.

ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಕೊಳ್ಳುತ್ತದೆ. ಅದಕ್ಕೇ ಕತ್ತಲಲ್ಲೇ ಹೊರಡಬೇಕು. ಮುಂದಿರುವ ಗೈಡ್ ಬೂಟಿನ ತುದಿಯಿಂದ ಹಿಮವನ್ನು ಒದ್ದು ಒಂದು ಮೆಟ್ಟಿಲು ಮಾಡುತ್ತಾನೆ. ಎರಡನೆಯವರು ಅದರಲ್ಲೇ ಕಾಲಿಡುತ್ತಾರೆ, ಮೂರನೆಯವರೂ ಅದರಲ್ಲೇ. ಹತ್ತು ಜನ ದಾಟುವಷ್ಟರಲ್ಲಿ ಆ ಪುಟ್ಟ ಗುಳಿ ಗಟ್ಟಿ ಪಾವಟಿಗೆಯಾಗಿರುತ್ತದೆ. ಒಬ್ಬರು ತೆರೆದ ದಾರಿಯನ್ನು ಎಲ್ಲರೂ ತುಳಿದು ಭದ್ರ ಮಾಡುತ್ತಾರೆ. ನಾಡು ಕಟ್ಟುವುದೆಂದರೆ ಇದಲ್ಲದೆ ಬೇರೇನು?

ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಸರ್ ಪಾಸ್ ಅದರ ಎರಡು ಪಟ್ಟಿಗೂ ಹೆಚ್ಚು, ಸುಮಾರು 13,800 ಅಡಿ. ಸರ್ ಎಂದರೆ ಅಲ್ಲಿನವರ ಮಾತಿನಲ್ಲಿ ಸರೋವರ. ಪಾರ್ವತಿ ನದಿಯ ದಡದ ಕಸೋಲ್‌ನಿಂದ ಹೊರಟು, ದೇವದಾರು ಕಾಡು ಹಾದು, ಮರಗಳ ಗಡಿ ದಾಟಿ, ಹುಲ್ಲುಗಾವಲು ಹಿಂದೆ ಬಿಟ್ಟು, ಹಿಮ ಮತ್ತು ಆಕಾಶ ಎರಡೇ ಉಳಿಯುವ ಆ ಜಾಗಕ್ಕೆ ದಿನದಿನವೂ ಇಷ್ಟಿಷ್ಟೇ ಏರಬೇಕು. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇಕಡಾ 60 ಮಾತ್ರ. ಆ ಕಡಿಮೆ ಗಾಳಿಯಲ್ಲಿ ನಿಮ್ಮ ಅಂಕಪಟ್ಟಿ ಉಸಿರಾಡುವುದಿಲ್ಲ, ನಿಮ್ಮ ಅಪ್ಪನ ಹೆಸರು ಚೀಲ ಹೊರುವುದಿಲ್ಲ. ನಿಮ್ಮೊಳಗೆ ಏನಿದೆಯೋ ಅದಷ್ಟೇ ಜೊತೆಗೆ ಬರುತ್ತದೆ. ಮತ್ತು ನಿಮ್ಮೊಳಗೆ ನೀವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಇದೆ!

ಹಾಗೆಂದು ಪರ್ವತ ಜೋರಾಗಿ ಓಡುವವರನ್ನು ಮೆಚ್ಚುವುದಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಮಾತು. ರಕ್ತಕ್ಕೆ, ಶ್ವಾಸಕೋಶಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೈ ಇನ್ನೂ ಹೊಂದಿಕೊಂಡಿಲ್ಲ ಎಂಬುದರ ಮೊದಲ ಎಚ್ಚರಿಕೆ. ಅದನ್ನು ಮುಚ್ಚಿಟ್ಟು ನಡೆಯುವುದು ಶೌರ್ಯವೇ? ನನಗೆ ಆಗುತ್ತಿಲ್ಲ ಎಂದು ನಲವತ್ತು ಜನರ ಎದುರು ಹೇಳುವುದು ಶೌರ್ಯ. ಅದನ್ನು ಕೇಳಿ ನಗದೆ ಅವರ ಚೀಲ ಎತ್ತಿಕೊಳ್ಳುವುದು ಇನ್ನೂ ದೊಡ್ಡ ಶೌರ್ಯ. ಅಲ್ಲಿ ತಂಡದ ವೇಗವೆಂದರೆ ಕೊನೆಯವರ ವೇಗ. ಮೊದಲು ತಲುಪಿದವರನ್ನು ಬೆಟ್ಟ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಎಲ್ಲರೂ ಬಂದರೇ ಎಂದು ಕೇಳುತ್ತದೆ.

ಬಚೇಂದ್ರಿ ಪಾಲ್ ಅವರನ್ನು ನೆನೆಯಿರಿ. ಉತ್ತರಕಾಶಿ ಜಿಲ್ಲೆಯ ನಕುರಿ ಎಂಬ ಹಳ್ಳಿಯ ಹುಡುಗಿ. 1984ರ ಮೇ 23ರಂದು ಎವರೆಸ್ಟ್ ಮೇಲೆ ನಿಂತ ಮೊದಲ ಭಾರತೀಯ ಮಹಿಳೆ. ಅದಕ್ಕೆ ಕೆಲವೇ ದಿನಗಳ ಮೊದಲು ನಡುರಾತ್ರಿ ಅವರ ಶಿಬಿರದ ಮೇಲೆ ಹಿಮ ಕುಸಿದು, ತಲೆಗೆ ಪೆಟ್ಟಾಗಿತ್ತು. ಆದರೂ ಅವರು ಹಿಂದೆ ಸರಿಯಲಿಲ್ಲ. ಕೊನೆಯ ಶಿಬಿರ ತಲುಪಿದ ಮೇಲೆ ಏನು ಮಾಡಿದರು ಗೊತ್ತೇ? ಮರುದಿನದ ಏರಿಗಾಗಿ ಶಕ್ತಿ ಉಳಿಸಿಕೊಂಡು ಮಲಗಬಹುದಿತ್ತು. ಅವರು ಫ್ಲಾಸ್ಕಿಗೆ ಬಿಸಿ ಚಹಾ ತುಂಬಿಕೊಂಡು, ಹಿಂದೆ ಬರುತ್ತಿದ್ದ ಜೊತೆಗಾರರನ್ನು ಹುಡುಕುತ್ತ ಕೆಳಗಿಳಿದರು. ಶಿಖರಕ್ಕೆ ಏರುವ ಮುನ್ನ ಗೆಳೆಯರಿಗಾಗಿ ಇಳಿದರು. ಅವರ ದೊಡ್ಡತನಕ್ಕೆ ಶಿಖರ ಸಾಕ್ಷಿ, ಆ ಫ್ಲಾಸ್ಕೂ ಸಾಕ್ಷಿ.

ಈ ಹಾದಿ ನಮಗೆ ಹೊಸದೂ ಅಲ್ಲ. 1949ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು, ವಿದ್ಯಾರ್ಥಿಗಳು ಕೂಡಿ ಯೂತ್ ಹಾಸ್ಟೆಲ್ ಚಳವಳಿಗೆ ನಮ್ಮ ನೆಲದಲ್ಲಿ ಬೇರು ಕೊಟ್ಟರು. ಸ್ವಾತಂತ್ರ್ಯ ಬಂದು ಆಗಿನ್ನೂ ಎರಡು ವರ್ಷ. ಕಡಿಮೆ ಖರ್ಚಿನಲ್ಲಿ, ಜಾತಿ ಊರು ಕೇಳದೆ, ಒಂದೇ ಸೂರಿನಡಿ ಮಲಗಿ, ತಿಂದ ತಟ್ಟೆಯನ್ನು ತಾವೇ ತೊಳೆದು, ಹುಡುಗ ಹುಡುಗಿಯರು ದೇಶವನ್ನು ಕಾಲಿನಿಂದ ಅರಿಯಲಿ ಎಂಬುದು ಆ ಚಳವಳಿಯ ಆಸೆ. ಆ ಆಸೆಗೆ ಇಂದು ವಾರಸುದಾರರು ಯಾರು? ನೀವಲ್ಲವೇ?

ಆದರೆ ಕಣ್ಣು ತೆರೆದೇ ಹೋಗೋಣ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ, ಕರ್ನಾಟಕದಿಂದ ಹೋದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಮನೆಗೆ ಮರಳಲಿಲ್ಲ. ಅವರಲ್ಲಿ ಹಲವರು ಪಳಗಿದ ಚಾರಣಿಗರು, ಬೆಟ್ಟವನ್ನು ಮನಸಾರೆ ಪ್ರೀತಿಸಿದವರು. ಅವರನ್ನು ತಲೆಬಾಗಿ ನೆನೆಯೋಣ. ಅವರ ನೆನಪಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಸಿದ್ಧತೆ. ಆರು ತಿಂಗಳು ಮೊದಲೇ ಮೈ ಪಳಗಿಸೋಣ. ಹವಾಮಾನ ನೋಡೋಣ. ಗೈಡ್ ಹಿಂದಿರುಗಿ ಎಂದರೆ ಶಿಖರ ಕೈಯಳತೆಯಲ್ಲಿದ್ದರೂ ಹಿಂದಿರುಗೋಣ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಬದುಕಿದ್ದರೆ ಮತ್ತೆ ಏರಬಹುದು.

ಇನ್ನೊಂದು ಋಣವಿದೆ. ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳನ್ನು ಬುಗ್ಯಾಲ್ ಎನ್ನುತ್ತಾರೆ. 2018ರಲ್ಲಿ ಅಲ್ಲಿನ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಕಾರಣ ನಾವೇ. ನಮ್ಮ ಟೆಂಟು, ನಮ್ಮ ಪ್ಲಾಸ್ಟಿಕ್, ನಮ್ಮ ಗುಂಪು. ದೂರ ಹೋಗುವುದೇಕೆ, 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಜನಜಾತ್ರೆ ನೆರೆದದ್ದನ್ನು, ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದೆ ಚಾರಣವಿಲ್ಲ ಎಂದದ್ದನ್ನು ನೋಡಿದೆವಲ್ಲ! ಪ್ರೀತಿಸುತ್ತೇವೆ ಎಂದುಕೊಂಡೇ ನಾವು ಬೆಟ್ಟವನ್ನು ತುಳಿದು ಸವೆಸಿದರೆ, ನಾಳೆ ನಮ್ಮ ಮಕ್ಕಳಿಗೆ ತೋರಿಸಲು ಏನು ಉಳಿದೀತು? ಸರ್ ಪಾಸ್‌ನ ಹಿಮ ಕರಗಿ ಪಾರ್ವತಿ ನದಿಯಾಗಿ, ಪಾರ್ವತಿ ಭುಂತರ್‌ನಲ್ಲಿ ಬಿಯಾಸ್ ಸೇರಿ, ಕೆಳಗೆ ಬಯಲಿನ ಗೋಧಿಗೆ ನೀರಾಗುತ್ತದೆ. ಮೇಲೆ ನೀವು ಎಸೆದ ಬಿಸ್ಕತ್ತಿನ ಹಾಳೆಯೂ ಅದೇ ನೀರಿನ ಜೊತೆ ಇಳಿಯುತ್ತದೆ.

ಹೋಗಿ. ಹಿಮಾಲಯಕ್ಕೆ ಹೋಗಲು ಹಣ ಕೂಡದಿದ್ದರೆ ಕೊಡಚಾದ್ರಿಯಿಂದ ಶುರುಮಾಡಿ. ಬಂಡೆ ಹತ್ತುವುದನ್ನು ಕಲಿಸಲು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದಲ್ಲೇ ಇದೆ. ರಾಯಚೂರಿನವರು ಕಾರವಾರದವರ ಜೊತೆ, ಇಂಜಿನಿಯರಿಂಗ್ ಓದುವವರು ಹೊಲದಲ್ಲಿ ದುಡಿಯುವವರ ಜೊತೆ, ಒಂದೇ ಸಾಲಿನಲ್ಲಿ ನಡೆಯಿರಿ. ಕೈಯಿಂದ ಮೊಬೈಲು ಇಳಿಸಿ, ಆ ಕೈಯನ್ನು ಹಿಂದಿನವರಿಗೆ ಚಾಚಿ. ಕಸ ತುಂಬಲು ಒಂದು ಖಾಲಿ ಚೀಲ ಒಯ್ಯಿರಿ, ತುಂಬಿಸಿ ತನ್ನಿ.

ಮುಂದಿನ ಬೇಸಿಗೆಗೆ ಇನ್ನೂ ಸಮಯವಿದೆ. ಇವತ್ತು ಸಂಜೆಯೇ ಬೂಟು ಕಟ್ಟಿ, ಊರ ಹಿಂದಿನ ಗುಡ್ಡ ಹತ್ತಿ. ಒಬ್ಬರೇ ಬೇಡ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.