ಅಡಗಿದ ಕಾವು

ಒಲೆಯ ಮೇಲೆ ನೀರಿಟ್ಟಿದ್ದೀರಿ ಎಂದುಕೊಳ್ಳಿ. ಮೊದಲು ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಾಣಿಸುತ್ತವೆ. ಸ್ವಲ್ಪ ಹೊತ್ತಿಗೆ ನೀರು ಸದ್ದುಮಾಡುತ್ತದೆ. ಆಮೇಲೆ ಕೊತಕೊತನೆ ಕುದಿಯತೊಡಗುತ್ತದೆ. ಅದರಲ್ಲಿ ಒಂದು ಉಷ್ಣಮಾಪಕವನ್ನು ಅದ್ದಿಟ್ಟಿದ್ದರೆ, ಅಲ್ಲಿಯವರೆಗೆ ಏರುತ್ತ ಬಂದ ಪಾದರಸ ಅಲ್ಲಿಗೆ ನಿಂತುಬಿಡುತ್ತದೆ. ಸಮುದ್ರದ ಬದಿಯ ಮಂಗಳೂರಿನಲ್ಲಿ ಅದು ನಿಲ್ಲುವುದು 100 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ; ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ 97ರ ಸುಮಾರಿಗೆ. ಉರಿಯನ್ನು ಎರಡರಷ್ಟು ಮಾಡಿ ನೋಡಿ, ಪಾದರಸ ಒಂದು ಗೆರೆಯೂ ಮೇಲೇರದು. ಹಾಗಾದರೆ ಒಲೆಯಿಂದ ಬರುತ್ತಲೇ ಇರುವ ಕಾವೆಲ್ಲ ಎಲ್ಲಿಗೆ ಹೋಯಿತು?

ನೀರು ಕಣ್ಣಿಗೆ ಎಡೆಯಿಲ್ಲದ ಒಂದೇ ವಸ್ತುವಿನಂತೆ ಕಂಡರೂ ಅದು ಅಸಂಖ್ಯಾತ ಅಣುಗಳ ಗುಂಪು. ಮಂಜುಗಡ್ಡೆಯಲ್ಲಿ ಪ್ರತಿಯೊಂದು ಅಣುವೂ ನೆರೆಯ ಅಣುಗಳ ಕೈಹಿಡಿದು, ನಿಂತಲ್ಲೇ ನಡುಗುತ್ತಿರುತ್ತದೆ. ನೀರಾದಾಗ ಈ ಹಿಡಿತ ಪೂರ್ತಿ ತಪ್ಪುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತ, ಜಾತ್ರೆಯ ಜನರಂತೆ ಒತ್ತರಿಸಿಕೊಂಡು ಸರಿದಾಡುತ್ತವೆ. ಹಬೆಯಾದಾಗ ಮಾತ್ರ ಹಿಡಿತ ಕಳಚಿ ಹೋಗುತ್ತದೆ. ಒಂದು ಲೋಟ ನೀರು ಸುಮಾರು 1,700 ಲೋಟದಷ್ಟು ಜಾಗವನ್ನು ತುಂಬುತ್ತದೆ. ಉಷ್ಣಮಾಪಕ ತೋರಿಸುವುದು ಅಣುಗಳ ಚಲನೆಯ ಬಿರುಸನ್ನು. ಕುದಿಯುವ ಹೊತ್ತಿನಲ್ಲಿ ಒಲೆಯ ಕಾವು ಆ ಬಿರುಸನ್ನು ಹೆಚ್ಚಿಸುವುದಿಲ್ಲ. ಹಿಡಿತವನ್ನು ಬಿಡಿಸುವುದಕ್ಕೇ ವೆಚ್ಚವಾಗುತ್ತದೆ. ಪಾದರಸ ನಿಂತುದು ಅದಕ್ಕೇ.

ಇದನ್ನು ಮೊದಲು ಅಳೆದು ನೋಡಿದವನು ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಜೋಸೆಫ್ ಬ್ಲ್ಯಾಕ್. 1760ರ ನಂತರದ ಒಂದೆರಡು ವರ್ಷಗಳ ಮಾತು. ಎರಡು ಗಾಜಿನ ಬುರುಡೆಗಳಲ್ಲಿ ಒಂದಕ್ಕೆ ಮಂಜುಗಡ್ಡೆ, ಇನ್ನೊಂದಕ್ಕೆ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುವ ನೀರು ತುಂಬಿ ಒಂದೇ ಕೋಣೆಯಲ್ಲಿ ತೂಗುಹಾಕಿದ. ನೀರು ಅರ್ಧ ಗಂಟೆಯಲ್ಲಿ 7 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಮಂಜು ಕರಗಿ ಆ ಮಟ್ಟ ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು! ಮಾಪಕಕ್ಕೆ ಕಾಣದ ಈ ಕಾವಿಗೆ ನಮ್ಮ ಪಠ್ಯಪುಸ್ತಕಗಳು ಗುಪ್ತೋಷ್ಣವೆಂದು ಹೆಸರಿಟ್ಟಿವೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿಮಾಡಲು ಒಂದು ಕ್ಯಾಲೊರಿ ಸಾಕು. ಒಂದು ಗ್ರಾಂ ಮಂಜನ್ನು ಕರಗಿಸಲು 80 ಬೇಕು. ಕುದಿಯುವ ನೀರನ್ನು ಹಬೆಮಾಡಲು ಸುಮಾರು 540. ಅಣುಗಳ ಹಿಡಿತ ಸಡಿಲಿಸುವುದಕ್ಕೂ ಪೂರ್ತಿ ಬಿಡಿಸುವುದಕ್ಕೂ ಇರುವ ಅಂತರ ಅಷ್ಟು.

ಇದು ಸಾಲದ ಲೆಕ್ಕ. ಹಬೆ ಮತ್ತೆ ನೀರಾದಾಗ ಪಡೆದ 540 ಕ್ಯಾಲೊರಿಯನ್ನು ಕೊಟ್ಟೇ ತೀರಬೇಕು. ಅದೇ ವಿಶ್ವವಿದ್ಯಾನಿಲಯಕ್ಕೆ ಉಪಕರಣಗಳನ್ನು ಮಾಡಿಕೊಡುತ್ತಿದ್ದ ಜೇಮ್ಸ್ ವಾಟ್, ಹಬೆಯು ತನ್ನ ತೂಕದ ಆರರಷ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದೆಂದು ಕಂಡು ಬೆರಗಾದ. ನಮ್ಮ ಇಡ್ಲಿ ಬೇಯುವುದೂ ಹೀಗೆಯೇ: ತಣ್ಣನೆಯ ಹಿಟ್ಟನ್ನು ಮುಟ್ಟಿದ ಹಬೆ ಅಲ್ಲೇ ನೀರಾಗಿ, ಸಾಲವನ್ನು ಹಿಟ್ಟಿಗೆ ಒಪ್ಪಿಸುತ್ತದೆ. ಅಂದಹಾಗೆ, ಬೇಳೆ ಕುದಿಬಂದ ಮೇಲೂ ಉರಿಯನ್ನು ಜೋರಾಗಿಡುವುದು ಅನಿಲಕ್ಕೆ ದಂಡ. ಬೇಳೆ ಬೇಗ ಬೇಯದು, ನೀರು ಬೇಗ ಇಂಗುತ್ತದೆ, ಅಷ್ಟೆ.

ಇದೇ ಲೆಕ್ಕ ಚರ್ಮದ ಮೇಲೂ ನಡೆಯುತ್ತದೆಂಬುದನ್ನು ದಯವಿಟ್ಟು ಗಮನಿಸಿ. ಒಂದು ಗ್ರಾಂ ಕುದಿನೀರು ಕೈಮೇಲೆ ಬಿದ್ದು ಮೈಯ ಬಿಸಿಗೆ ಇಳಿಯುವಷ್ಟರಲ್ಲಿ ಕೊಡುವುದು ಅರವತ್ತು ಚಿಲ್ಲರೆ ಕ್ಯಾಲೊರಿ. ಒಂದು ಗ್ರಾಂ ಹಬೆ ಕೊಡುವುದು ಆರುನೂರು. ಕೆಟಲಿನ ಮೂತಿಯ ಮುಂದೆ ಕಾಣುವ ಬಿಳಿಯ ಹೊಗೆ ಹಬೆಯಲ್ಲ, ಆಗಲೇ ನೀರಾದ ಹನಿಗಳು. ಮೂತಿಗೂ ಆ ಬಿಳುಪಿಗೂ ನಡುವೆ ಬರಿದಾಗಿ ತೋರುವ ಬೆರಳಗಲದ ಜಾಗವಿದೆಯಲ್ಲ, ನಿಜವಾದ ಹಬೆ ಇರುವುದು ಅಲ್ಲಿ. ಇಡ್ಲಿಪಾತ್ರೆಯ ಮುಚ್ಚಳವನ್ನು ನಿಮ್ಮ ಕಡೆಯ ಅಂಚು ತಗ್ಗಿರುವಂತೆ, ಆಚೆಯ ಅಂಚು ಮೊದಲು ಏಳುವಂತೆ ತೆರೆಯಿರಿ. ಪ್ರೆಷರ್ ಕುಕ್ಕರಿನೊಳಗೆ ಬಿಸಿ 120 ಡಿಗ್ರಿಯ ಹತ್ತಿರ ಹೋಗಿರುತ್ತದೆ. ಒತ್ತಡ ತಾನಾಗಿ ಇಳಿಯುವ ಮುನ್ನ ಅದರ ಮುಚ್ಚಳಕ್ಕೆ ಕೈಹಚ್ಚಬೇಡಿ. ಹಬೆ ತಾಗಿಯೇಬಿಟ್ಟರೆ ಬಳೆ ಉಂಗುರಗಳನ್ನು ಕೂಡಲೆ ತೆಗೆದು, ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಕೈಹಿಡಿಯಿರಿ. ಮಂಜುಗಡ್ಡೆ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಬೇಡ. ಬೊಬ್ಬೆ ದೊಡ್ಡದಾದರೆ ವೈದ್ಯರಲ್ಲಿಗೆ ಹೋಗಿ.

ಕುದಿಯದೆಯೂ ನೀರು ಆವಿಯಾಗುತ್ತದೆ. ಮಣ್ಣಿನ ಹೂಜಿಯ ಹೊರಮೈಯಲ್ಲಿ ಜಿನುಗಿದ ನೀರಿನಿಂದ ಹೆಚ್ಚು ಬಿರುಸಾದ ಅಣುಗಳು ಹಾರಿಹೋಗುತ್ತವೆ. ಅವುಗಳ ಸಾಲ ಒಳಗಿನ ನೀರಿನ ತಲೆಗೆ ಬಂದು ಅದು ತಣ್ಣಗಾಗುತ್ತದೆ. ಕಲಬುರಗಿಯ ಒಣಬೇಸಗೆಯಲ್ಲಿ ಇದರ ಸುಖವನ್ನು ಬಲ್ಲವರು ಬಲ್ಲರು. ಅದೇ ಹೂಜಿಯನ್ನು ಮಂಗಳೂರಿಗೆ ಒಯ್ದರೆ ನೀರು ಅಷ್ಟು ತಣ್ಣಗಾಗದು. ಕುಂಬಾರನನ್ನು ದೂರಬೇಡಿ, ಅಲ್ಲಿನ ಗಾಳಿಯಲ್ಲಿ ನೀರಿನ ಅಣುಗಳು ಆಗಲೇ ಕಿಕ್ಕಿರಿದಿವೆ, ಹೊರಟವುಗಳಲ್ಲಿ ಬಹುಪಾಲಿನಷ್ಟು ಹಿಂದಕ್ಕೆ ಬರುತ್ತಲೇ ಇರುತ್ತವೆ.